ಅತೀಂದ್ರಿಯ ಸಂಶೋಧನೆ ಎಂದರೆ ವಿಚಾರವಾದಿಗಳಿಗೆ ಅಷ್ಟು ಸಿಟ್ಟು ಯಾಕೆ?

ಟೆಲಿಪಥಿ (ಮಾತಿಲ್ಲದೆ ಒಬ್ಬರ ಮನಸ್ಸಿನದು ಇನ್ನೊಬ್ಬರಿಗೆ ತಿಳಿಯುವುದು), ಮುಂದಾಗುವುದು ಮೊದಲೇ ತಿಳಿಯುವುದು ಇಂಥವುಗಳ ಮೇಲೆ ಪ್ರಯೋಗ ನಡೆದರೂ ವಿಚಾರವಾದಿಗಳು ಓದುವ ಮೊದಲೇ ತಳ್ಳಿಹಾಕುತ್ತಾರೆ, ಇದು ವಿಜ್ಞಾನವೋ ಭಯವೋ ಎಂದು ಕೇಳಿದ್ದೀರಿ. ನಾನೂ ಆ ಗುಂಪಿನವನೇ. ವಿಜಯಪುರದಲ್ಲಿ ವಿಜ್ಞಾನದ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಭಯ ಅಲ್ಲರೀ. ನನ್ನ ಮಟ್ಟಿಗೆ ಅದು ಮೋಸಹೋದವನ ಸಿಟ್ಟು.

ಇಂಡಿ ತಾಲೂಕಿನಲ್ಲಿ ನನ್ನ ತಮ್ಮನ ಲಿಂಬಿ ತೋಟ ಇದೆ. ಹಿಂದೆ ಒಂದು ಬೇಸಿಗೆಯಲ್ಲಿ ಗಿಡ ಒಣಗತೊಡಗಿದಾಗ ನೀರು ನೋಡುವ ಅಜ್ಜ ಒಬ್ಬರನ್ನು ಕರೆಸಿದ್ದ. ಜುಟ್ಟಿನ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಅವರು ಹೊಲ ತುಂಬ ಅಡ್ಡಾಡಿದರು. ಒಂದು ಕಡೆ ಕಾಯಿ ಎದ್ದು ನಿಂತಿತು. 'ಮಾಸ್ತರ, ನಂಬಿಕಿ ಇಲ್ಲಂದ್ರ ನೀವೂ ಹಿಡದ ನೋಡ್ರಿ' ಅಂದರು. ಹಿಡಿದೆ. ನನ್ನ ಕೈಯಲ್ಲೂ ಎದ್ದಿತು! ಮೈ ಜುಮ್ಮೆಂದಿತು. ಬೋರು ಹೊಡೆಸಿದಾಗ ಎರಡು ಇಂಚು ನೀರೂ ಬಿತ್ತು. ಎರಡು ವರ್ಷ ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ, ಅದೂ ನಾನು, ಭೌತಶಾಸ್ತ್ರ ಕಲಿಸುವವನು.

ಮುಂದಿನ ಬೋರು 500 ಫೂಟು ಹೋದರೂ ಬರೀ ಧೂಳು. ಅದೇ ಅಜ್ಜ, ಅದೇ ಪದ್ಧತಿ. 'ಹೊಲದಾಗ ಯಾರೋ ಮೈಲಿಗಿ ಮಾಡ್ಯಾರ' ಅಂದರು. ಸಂಜೆ ನಾನು ಕಾಯಿ ಹಿಡಿದು ನಡೆದು, ಎದ್ದಲ್ಲೆಲ್ಲ ಬೂದಿ ಹಾಕಿದೆ. ಆಮೇಲೆ ತಮ್ಮನ ಮಗನಿಂದ ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡು ಮತ್ತೆ ನಡೆದೆ. ಬೂದಿ ಇದ್ದ ಕಡೆ ಕಾಯಿ ಸುಮ್ಮನೆ ಮಲಗಿತ್ತು, ಎಲ್ಲೋ ಬದುವಿನ ಮೇಲೆ ಎದ್ದಿತು. ನಮಗೇ ಗೊತ್ತಾಗದಂತೆ ಕೈಯ ಸ್ನಾಯು ಮನಸ್ಸಿನ ನಿರೀಕ್ಷೆಗೆ ತಕ್ಕಂತೆ ಅಲ್ಲಾಡುತ್ತದೆ. ಇದಕ್ಕೆ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್ 1852ರಲ್ಲೇ ಐಡಿಯೋಮೋಟರ್ ಎಂಬ ಹೆಸರು ಕೊಟ್ಟಿದ್ದ. ಅಜ್ಜ ಮೋಸಗಾರನಲ್ಲ, ಅವರ ಕೈಯೇ ಅವರನ್ನು ನಂಬಿಸಿತ್ತು. ಆದರೂ ಮರುದಿನ ನಾಲ್ಕು ಮಂದಿ ಎದುರು ಅವರ ಮರ್ಯಾದೆ ತೆಗೆದೆ. ಅದು ವಿಜ್ಞಾನವಾಗಿರಲಿಲ್ಲ.

ಹೆಸರಾಂತ ಸಂದೇಹವಾದಿಗಳಲ್ಲೂ ಹೀಗೆ ಒಂದು ಕಾಲಕ್ಕೆ ನಂಬಿದ್ದವರು ಸಿಗುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರೇ ಹೈಮನ್ ಹರೆಯದಲ್ಲಿ ದುಡ್ಡಿಗಾಗಿ ಕೈ ನೋಡಿ ಭವಿಷ್ಯ ಹೇಳುತ್ತಿದ್ದ, ಹೇಳುತ್ತ ಹೇಳುತ್ತ ಅದನ್ನು ನಂಬಿಯೂ ಬಿಟ್ಟ. ಗೆಳೆಯನೊಬ್ಬ, ಒಮ್ಮೆ ರೇಖೆ ತೋರಿಸುವುದಕ್ಕೆ ಪೂರ್ತಿ ಉಲ್ಟಾ ಹೇಳಿ ನೋಡು ಎಂದ. ಹಾಗೆ ಹೇಳಿದಾಗಲೂ ಮಂದಿ ಅಷ್ಟೇ ತಲೆದೂಗಿದರು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಸೂಸನ್ ಬ್ಲ್ಯಾಕ್‌ಮೋರ್ 1970ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುವಾಗ ದೇಹದಿಂದ ಹೊರಗೆ ಬಂದ ಅನುಭವವಾಗಿ ಈ ಸಂಶೋಧನೆಗೆ ಇಳಿದವರು. ವರ್ಷಗಟ್ಟಲೆ ಪ್ರಯೋಗ ಮಾಡಿ ಏನೂ ಸಿಗದೆ ಸಂದೇಹವಾದಿಯಾದರು.

ನಮ್ಮಲ್ಲಿ ಇನ್ನೊಂದು ಕಾರಣ ಸೇರುತ್ತದೆ. ನಾವು ಸಂದೇಹ ಕಲಿತದ್ದು ಪವಾಡಪುರುಷರನ್ನು ನೋಡಿ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದು ನಮ್ಮ ತಲೆಮಾರಿಗೆ ದೊಡ್ಡ ಪಾಠ. ಆದರೆ ಗಾಳಿಯಿಂದ ವಿಭೂತಿ ತೆಗೆಯುವವರಿಗೂ ಪ್ರಯೋಗಾಲಯದಲ್ಲಿ ಕೂತು ಅಂಕಿ ಎಣಿಸುವವರಿಗೂ ಒಂದೇ ಕೋಲಿನಿಂದ ಬಡಿಯುತ್ತೇವೆ.

ಡ್ಯಾರಿಲ್ ಬೆಮ್ ಪ್ರಕರಣದಲ್ಲಿ ನಾನು ಮಾಡಿದ್ದೂ ಅದನ್ನೇ. ಕಾರ್ನೆಲ್ ವಿಶ್ವವಿದ್ಯಾಲಯದ ಈ ಮನಶ್ಶಾಸ್ತ್ರಜ್ಞ 2011ರಲ್ಲಿ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಮುಂದಾಗುವುದು ಮೊದಲೇ ತಿಳಿಯುತ್ತದೆ ಎನ್ನುವುದಕ್ಕೆ ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿದ 9 ಪ್ರಯೋಗ ಪ್ರಕಟಿಸಿದರು. ಚಿತ್ರ ಎರಡರಲ್ಲಿ ಯಾವ ಪರದೆಯ ಹಿಂದೆ ಬರುತ್ತದೆ ಎಂದು ಮೊದಲೇ ಊಹಿಸುವ ಒಂದು ಪ್ರಯೋಗದಲ್ಲಿ, ಕಾಮಪ್ರಚೋದಕ ಚಿತ್ರಗಳ ವಿಷಯದಲ್ಲಿ ಊಹೆ ಬರೀ ಅದೃಷ್ಟಕ್ಕೆ ಬರಬೇಕಾದ ಶೇ. 50ರ ಬದಲು ಶೇ. 53.1ರಷ್ಟು ಸರಿಯಾಗಿತ್ತು. ಒಂದು ಪುಟವನ್ನೂ ಓದದೆ ಸುಳ್ಳು ಎಂದೆ. ಮರುವರ್ಷ ಬೇರೆಯವರು ಇವುಗಳಲ್ಲೊಂದನ್ನು ಮೂರು ಸಲ ಮಾಡಿ ನೋಡಿದಾಗ ಫಲಿತಾಂಶ ಬರಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಆದರೆ ಬೆಮ್ ಬಳಸಿದ್ದು ಇಡೀ ಮನಶ್ಶಾಸ್ತ್ರ ಬಳಸುತ್ತಿದ್ದ ವಿಧಾನಗಳನ್ನೇ. ಅದೇ ವಿಧಾನ ಅಸಾಧ್ಯವನ್ನೂ ಸಾಬೀತು ಮಾಡುವುದಾದರೆ ಉಳಿದ ಫಲಿತಾಂಶಗಳ ಗತಿ ಏನು? 2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಅಂಕಿಅಂಶದ ಲೆಕ್ಕದಲ್ಲಿ ನಿಂತದ್ದು ಸುಮಾರು ಮೂರನೇ ಒಂದು ಭಾಗ. ನಕ್ಕು ಸುಮ್ಮನಾದ ನನ್ನಂಥವರ ತಲೆಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಟೆಲಿಪಥಿ ಇದೆ ಎಂದು ಇವತ್ತಿಗೂ ನಾನು ಒಪ್ಪುವುದಿಲ್ಲ. ಮತ್ತೆ ಮತ್ತೆ, ಬೇರೆ ಬೇರೆಯವರ ಕೈಯಲ್ಲಿ ನಿಲ್ಲುವ ಪ್ರಯೋಗ ಒಂದೂ ಕಂಡಿಲ್ಲ. ಆದರೆ ಓದದೆ ಬೈಯುವುದೂ ಅಜ್ಜನ ಲೆಕ್ಕವೇ: ಅವರು ನೀರು ಬಿದ್ದ ಬೋರು ಎಣಿಸುತ್ತಾರೆ, ನಾನು ಒಣಗಿದ್ದನ್ನು.

ಹೋದ ವರ್ಷ ತಮ್ಮ ನಾನು ಬೇಡವೆಂದರೂ ಕಾಯಿ ಹಿಡಿಸಿ ಮತ್ತೊಂದು ಬೋರು ಹೊಡೆಸಿದ. ರಾತ್ರಿ ಫೋನ್ ಮಾಡಿದ: 'ಅಣ್ಣಾ, ಎರಡೂವರೆ ಇಂಚ ಬಿತ್ತು.' ಗಿಡ ಉಳಿದವು ಎಂಬ ಖುಷಿ ಬಂದದ್ದು ಆಮೇಲೆ. ಮೊದಲು ಆದದ್ದು ನಿರಾಸೆ.