ಕನ್ವರ್ಟರ್ ಅಲ್ಲ, ಮೊದಲು ಇಂಜಿನ್ ನೋಡಿಸಿ

ಮಂಡ್ಯದಲ್ಲಿ ಕಾರಿಗೆ ಹಾಕಿಸಿದ ಹೊಸ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯಲ್ಲಿನ ವಿಷ ಕಡಿಮೆ ಮಾಡುವ ಭಾಗ) ವರ್ಷದೊಳಗೆ ಕೆಟ್ಟಿದೆ, ಪೆಟ್ರೋಲ್ ಸರಿ ಇಲ್ವಾ ಅಂತ ಕೇಳಿದ್ದೀರಿ. ನನಗೆ ಪೆಟ್ರೋಲ್‌ಗಿಂತ ಇಂಜಿನ್ ಮೇಲೇ ಅನುಮಾನ ಜಾಸ್ತಿ. ಕನ್ವರ್ಟರ್ ಕೆಡಿಸುತ್ತಿದ್ದ ಸೀಸದ ಪೆಟ್ರೋಲ್ ನಮ್ಮಲ್ಲಿ 2000ದಲ್ಲೇ ನಿಂತುಹೋಯಿತು ಬಿಡಿ.

ಪ್ಲಗ್ ಅಥವಾ ಅದಕ್ಕೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಕೆಟ್ಟು ಮಿಸ್‌ಫೈರ್ ಆದರೆ, ಅಂದರೆ ಇಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿದ್ದರೆ, ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ. ಅಲ್ಲಿನ ಜೇನುಗೂಡಿನಂಥ ಸೆರಾಮಿಕ್ ಕರಗಿ ಹೊಗೆಯ ದಾರಿ ಕಟ್ಟಿಕೊಳ್ಳುತ್ತದೆ. ಆಮೇಲೆ ಮೈಸೂರು ಹೈವೇಯಲ್ಲಿ ಎಷ್ಟು ಒತ್ತಿದರೂ ಗಾಡಿ ಎಳೆಯುವುದಿಲ್ಲ. ಇಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅದರಲ್ಲಿನ ರಂಜಕ ಒಳಗಿನ ಪ್ಲಾಟಿನಂ, ಪಲ್ಲೇಡಿಯಂ ಲೇಪನದ ಮೇಲೆ ಕೂತು ಅದು ಕೆಲಸ ಮಾಡದಂತೆ ಮಾಡುತ್ತದೆ. ಕೂಲಂಟ್ ಒಳಗೆ ಸೋರಿದರೂ ಅಷ್ಟೇ.

ಇಂಜಿನ್‌ನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಒಂದನ್ನೇ ನೋಡಿ ಸುಮ್ನೆ ಇನ್ನೊಂದು ಕನ್ವರ್ಟರ್ ಹಾಕಿಸಬೇಡಿ. ಜೊತೆಗೆ ಪಿ0300 ಇದ್ದರೆ ಅದು ಮಿಸ್‌ಫೈರ್, ಮೊದಲು ಅದನ್ನು ಸರಿಮಾಡಿಸಿ. ಆಯಿಲ್ ಎಷ್ಟು ಬೇಗ ಇಳಿಯುತ್ತಿದೆ, ನೋಡಿದ್ದೀರಾ?