ಜಾಂಗೋದಲ್ಲಿ ಡೇಟಾಬೇಸ್ ಹೋಸ್ಟ್ ಏನಿರಬೇಕು, ಕನೆಕ್ಷನ್ ಎಷ್ಟಿರಬೇಕು?

ನೀವು ಕೇಳಿರುವುದು ಎರಡು ವಿಷಯ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಆಪ್ ಡಾಕರ್‌ಗೆ (ಆಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಟೂಲ್) ಹಾಕಿದ ಕೂಡಲೇ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಿಗದೆ ‘ಕನೆಕ್ಷನ್ ರಿಫ್ಯೂಸ್ಡ್’ ಅನ್ನುತ್ತಿದೆ. ಲೈವ್ ಸರ್ವರ್‌ನಲ್ಲಿ ಅದೇ ಆಪ್ ಆಗಾಗ ‘ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ ಎಂದು ನಿಲ್ಲುತ್ತಿದೆ. ಕಾನ್ ಮ್ಯಾಕ್ಸ್ ಏಜ್‌ಗೆ (CONN_MAX_AGE, ಒಂದು ಕನೆಕ್ಷನ್ ಎಷ್ಟು ಸೆಕೆಂಡ್ ತೆರೆದಿರಬಹುದು ಎಂಬ ಜಾಂಗೋ ಸೆಟ್ಟಿಂಗ್) ‘ನನ್’ (None, ಮಿತಿ ಇಲ್ಲ) ಕೊಟ್ಟರೆ ಇದು ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಹೋಗುವುದಿಲ್ಲ. ತೊಂದರೆ ಇನ್ನೂ ಜಾಸ್ತಿ ಆಗಬಹುದು.

ಮೊದಲು ಹೋಸ್ಟ್, ಅಂದರೆ ಡೇಟಾಬೇಸ್ ಇರುವ ವಿಳಾಸ, ನೋಡೋಣ. ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ. ಪೋಸ್ಟ್‌ಗ್ರೆಸ್ ಇರುವುದು ಬೇರೆ ಕಂಟೇನರ್‌ನಲ್ಲಿ. ಹಾಗಾಗಿ ಕಂಪೋಸ್ ಫೈಲ್‌ನಲ್ಲಿ (ಯಾವ ಯಾವ ಕಂಟೇನರ್ ಓಡಬೇಕು ಎಂದು ಬರೆಯುವ ಫೈಲ್) ಡೇಟಾಬೇಸ್ ಸರ್ವಿಸ್‌ಗೆ ಏನು ಹೆಸರಿದೆಯೋ ಅದನ್ನೇ ಹೋಸ್ಟ್ ಅಂತ ಬರೆಯಿರಿ. ಪೋರ್ಟ್ ವಿಷಯದಲ್ಲೂ ಬಹಳ ಜನ ಇಲ್ಲೇ ಎಡವುತ್ತಾರೆ. ಹೊರಗೆ 5433, ಒಳಗೆ 5432 ಎಂದು ಮ್ಯಾಪ್ ಮಾಡಿದ್ದರೂ ಜಾಂಗೋ ಬಳಸಬೇಕಾದದ್ದು 5432. ಆ 5433 ನಿಮ್ಮ ಲ್ಯಾಪ್‌ಟಾಪ್‌ನಿಂದ ನೇರವಾಗಿ ಒಳಗೆ ಇಣುಕುವಾಗ ಮಾತ್ರ.

ಇಷ್ಟಾದ ಮೇಲೂ ಶುರುವಿನ ಕೆಲವು ಸೆಕೆಂಡ್ ಅದೇ ಎರರ್ ಬಂದರೆ ಸೆಟ್ಟಿಂಗ್ಸ್ ಮುಟ್ಟಬೇಡಿ. ಕಂಪೋಸ್‌ನ ‘ಡಿಪೆಂಡ್ಸ್ ಆನ್’ ಸುಮ್ನೆ ಬರೆದರೆ ಡೇಟಾಬೇಸ್ ಕಂಟೇನರ್ ಸ್ಟಾರ್ಟ್ ಆಗುವವರೆಗೆ ಮಾತ್ರ ಕಾಯುತ್ತದೆ, ಡೇಟಾಬೇಸ್ ರೆಡಿ ಆಗುವವರೆಗೆ ಅಲ್ಲ. ಡೇಟಾಬೇಸ್ ರೆಡಿಯಾ ಎಂದು ಕೇಳುವ ಪಿಜಿ ಈಸ್ ರೆಡಿ (pg_isready) ಕಮಾಂಡ್ ಇಟ್ಟು ಒಂದು ಹೆಲ್ತ್‌ಚೆಕ್ ಬರೆದು, ‘ಸರ್ವಿಸ್ ಹೆಲ್ದಿ’ ಕಂಡಿಷನ್ ಹಾಕಿ.

ಯೂಸರ್, ಪಾಸ್‌ವರ್ಡ್ ಎಲ್ಲ ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ ಬರಲಿ, ಗಿಟ್‌ಗೆ ಹೋಗಬಾರದು.

ಇನ್ನು ಕನೆಕ್ಷನ್ ಎಷ್ಟು ಎಂಬ ಮಾತು. ನನಗೆ ಇದೇ ಮುಖ್ಯ ಅನ್ನಿಸುವುದು, ಯಾಕೆಂದರೆ ಉತ್ತರ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಪೂರ್ತಿ ಇರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯವಾಗಿ 100 ಕನೆಕ್ಷನ್ ಮಿತಿ ಇರುತ್ತದೆ. ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ನಿಮಗೆ ಉಳಿಯುವುದು 97. ಈಗ ಲೆಕ್ಕ ಹಾಕಿ. ಗುನಿಕಾರ್ನ್‌ನಲ್ಲಿ (ಜಾಂಗೋ ಆಪ್ ಓಡಿಸುವ ಸರ್ವರ್ ಪ್ರೋಗ್ರಾಂ) 4 ವರ್ಕರ್, ಒಂದೊಂದಕ್ಕೆ 8 ಥ್ರೆಡ್ ಇದ್ದರೆ 32. ಜಾಂಗೋದಲ್ಲಿ ಪ್ರತಿ ಥ್ರೆಡ್‌ಗೂ ತನ್ನದೇ ಕನೆಕ್ಷನ್. ಅಂಥ ಸರ್ವರ್ ಎರಡಿದ್ದರೆ 64. ಹಿನ್ನೆಲೆಯ ಕೆಲಸ ಮಾಡುವ ಸೆಲರಿ ವರ್ಕರ್ 8 ಸೇರಿಸಿ, 72 ಆಯಿತು. ಮಿತಿಯೊಳಗೇ ಇದೆ ಅಲ್ವಾ? ಆದರೆ ಹೊಸ ವರ್ಷನ್ ಡಿಪ್ಲಾಯ್ ಮಾಡುವಾಗ ಸ್ವಲ್ಪ ಹೊತ್ತು ಹಳೆಯದು, ಹೊಸದು ಎರಡೂ ಓಡುತ್ತವೆ. ಆಗ 144. ನಿಮ್ಮ ಎರರ್ ಡಿಪ್ಲಾಯ್ ಹೊತ್ತಿಗೇ ಬರುತ್ತಿದೆಯಾ ಎಂದು ಲಾಗ್‌ನಲ್ಲಿ ನೋಡಿ.

ಕಾನ್ ಮ್ಯಾಕ್ಸ್ ಏಜ್ ಸುಮ್ಮನೆ ಬಿಟ್ಟರೆ ಅದು 0. ರಿಕ್ವೆಸ್ಟ್ ಮುಗಿದ ಕೂಡಲೇ ಕನೆಕ್ಷನ್ ಮುಚ್ಚುತ್ತದೆ. ‘ನನ್’ ಕೊಟ್ಟರೆ ಜಾಂಗೋ ತಾನಾಗಿ ಮುಚ್ಚುವುದೇ ಇಲ್ಲ. ಕೆಲಸವಿಲ್ಲದ ಥ್ರೆಡ್ ಕೂಡ ಒಂದೊಂದು ಕನೆಕ್ಷನ್ ಹಿಡಿದುಕೊಂಡೇ ಇರುತ್ತದೆ. 60 ಕೊಟ್ಟರೂ 60 ಸೆಕೆಂಡ್ ಆದ ತಕ್ಷಣ ಮುಚ್ಚುತ್ತದೆ ಅಂದುಕೊಳ್ಳಬೇಡಿ. ವಯಸ್ಸು ನೋಡುವುದು ರಿಕ್ವೆಸ್ಟ್ ಶುರುವಿನಲ್ಲಿ ಮತ್ತು ಕೊನೆಯಲ್ಲಿ ಮಾತ್ರ. ಆ ಥ್ರೆಡ್‌ಗೆ ಮುಂದಿನ ರಿಕ್ವೆಸ್ಟ್ ಬರದಿದ್ದರೆ ಕನೆಕ್ಷನ್ ಹಾಗೇ ತೆರೆದಿರುತ್ತದೆ.

ನಾನಾದರೆ ಮೊದಲು ಥ್ರೆಡ್ ಕಡಿಮೆ ಮಾಡುತ್ತೇನೆ, ಕಾನ್ ಮ್ಯಾಕ್ಸ್ ಏಜ್ 60 ಇಡುತ್ತೇನೆ, ಜೊತೆಗೆ ಕಾನ್ ಹೆಲ್ತ್ ಚೆಕ್ಸ್ ಟ್ರೂ ಮಾಡುತ್ತೇನೆ. ಇದು ಜಾಂಗೋ 4.1ರಿಂದ ಇದೆ. ನಡುವೆ ಫೈರ್‌ವಾಲ್ ಕಡಿದುಹಾಕಿದ ಸತ್ತ ಕನೆಕ್ಷನ್ ಇದ್ದರೆ ಬಳಸುವ ಮೊದಲೇ ಗುರುತಿಸಿ ಹೊಸದು ತೆರೆಯುತ್ತದೆ. ಆಪ್ ಎಎಸ್‌ಜಿಐ (ASGI, ಅಸಿಂಕ್ ಸರ್ವರ್ ಪದ್ಧತಿ) ಮೇಲೆ ಓಡುತ್ತಿದ್ದರೆ ಮಾತ್ರ 0 ಬಿಟ್ಟು ಬೇರೆ ಬೇಡ.

ಜಾಂಗೋ 5.1ರಿಂದ ಪೋಸ್ಟ್‌ಗ್ರೆಸ್‌ಗೆ ಪೂಲ್ (ತೆರೆದ ಕನೆಕ್ಷನ್‌ಗಳನ್ನು ಇಟ್ಟುಕೊಂಡು ಹಂಚುವ ವ್ಯವಸ್ಥೆ) ಒಳಗೇ ಬಂದಿದೆ. ಆಪ್ಷನ್ಸ್‌ನಲ್ಲಿ ಪೂಲ್ ಕೊಟ್ಟರೆ ಸಾಕು, ಆದರೆ ಸೈಕಾಪ್‌ಜಿ 3 (psycopg, ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಪೈಥಾನ್ ಲೈಬ್ರರಿ) ಬೇಕು, ಕಾನ್ ಮ್ಯಾಕ್ಸ್ ಏಜ್ 0 ಇರಬೇಕು. ಪೂಲ್ ಪ್ರತಿ ಪ್ರೋಸೆಸ್‌ಗೂ ಬೇರೆ ಬೇರೆ, ಅದನ್ನು ಮರೆಯಬೇಡಿ. ಸರ್ವರ್‌ಗಳು ಜಾಸ್ತಿ ಇದ್ದರೆ ಪಿಜಿಬೌನ್ಸರ್ (ಪೋಸ್ಟ್‌ಗ್ರೆಸ್ ಮುಂದೆ ನಿಂತು ಕನೆಕ್ಷನ್ ಹಂಚುವ ಪ್ರೋಗ್ರಾಂ) ಹಾಕುವುದೇ ಒಳ್ಳೆಯದು. ಅದರ ಟ್ರಾನ್ಸಾಕ್ಷನ್ ಮೋಡ್ ಬಳಸಿದರೆ ಜಾಂಗೋದಲ್ಲಿ ‘ಡಿಸೇಬಲ್ ಸರ್ವರ್ ಸೈಡ್ ಕರ್ಸರ್ಸ್’ ಟ್ರೂ ಮಾಡಿ, ಇಲ್ಲದಿದ್ದರೆ ಇಟರೇಟರ್ ಬಳಸಿದ ಕಡೆ ಎರರ್ ಬರುತ್ತದೆ.

ಪೋಸ್ಟ್‌ಗ್ರೆಸ್‌ನ ಮಿತಿಯನ್ನೇ 500ಕ್ಕೆ ಏರಿಸೋಣ ಅನ್ನಿಸಬಹುದು. ಅಲ್ಲಿ ಒಂದೊಂದು ಕನೆಕ್ಷನ್ ಒಂದೊಂದು ಪ್ರೋಸೆಸ್, ಮೆಮೊರಿ ತಿನ್ನುತ್ತದೆ. ಅದಕ್ಕೂ ಮೊದಲು ಪಿಜಿ ಸ್ಟ್ಯಾಟ್ ಆಕ್ಟಿವಿಟಿ (pg_stat_activity, ಈಗಿರುವ ಕನೆಕ್ಷನ್‌ಗಳ ಪಟ್ಟಿ) ತೆರೆದು ಸ್ಟೇಟ್ ಕಾಲಂ ನೋಡಿ. ಜಾಸ್ತಿ ಸಾಲುಗಳಲ್ಲಿ ಬರೀ ‘ಐಡಲ್’ ಇದ್ದರೆ ಮೇಲೆ ಹೇಳಿದ್ದು ಸಾಕು. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತಿದ್ದರೆ ತಪ್ಪು ಕೋಡ್‌ನಲ್ಲಿದೆ. ಅಟಾಮಿಕ್ ಬ್ಲಾಕ್ (ಒಂದೇ ಟ್ರಾನ್ಸಾಕ್ಷನ್ ಆಗಿ ಓಡುವ ಕೋಡ್) ಒಳಗೆ ಹೊರಗಿನ ಎಪಿಐ ಕರೆಯುವ ಕಡೆ ಎಲ್ಲಾದರೂ ಇದೆಯಾ ಹುಡುಕಿ, ಆ ಕರೆಯನ್ನು ಬ್ಲಾಕ್‌ನಿಂದ ಆಚೆ ತನ್ನಿ.