ಊಟದ ಮುಂಚಿನ ಪ್ರಾರ್ಥನೆ ಬಗ್ಗೆ ಸಹೋದ್ಯೋಗಿ ಕೇಳಿದರೆ

ಊಟಕ್ಕೆ ಮುಂಚೆ ಕಣ್ಣು ಮುಚ್ಚಿದ್ದು ಯಾಕೆ ಅಂತ ಸಹೋದ್ಯೋಗಿ ಕೇಳಿದಾಗ ತಡವರಿಸಿದೆ ಅಂದಿದ್ದೀರಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ: "ಈ ಊಟ ಕೊಟ್ಟ ದೇವರಿಗೆ ಥ್ಯಾಂಕ್ಸ್ ಹೇಳಿದೆ." ಅಲ್ಲಿಗೆ ನಿಲ್ಲಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಒಂದು ಪ್ರಶ್ನೆಗೆ ಸೃಷ್ಟಿಯಿಂದ ಶಿಲುಬೆವರೆಗೆ ಎಲ್ಲ ಸುರಿದುಬಿಡುತ್ತಾರೆ, ಕೇಳಿದವರು ಮತ್ತೆ ಬಾಯಿ ಬಿಡುವುದಿಲ್ಲ.

ಅವರಾಗಿಯೇ ಮಾತು ಮುಂದುವರಿಸಿದರೆ ಬೈಬಲಿನ ಮಾರ್ಕನ ಸುವಾರ್ತೆ 2:1–12 ಒಟ್ಟಿಗೆ ಓದಿ. 12 ವಚನ ಅಷ್ಟೇ. ಮಾಳಿಗೆ ಬಿಚ್ಚಿ ರೋಗಿಯನ್ನು ಹಾಸಿಗೆ ಸಮೇತ ಇಳಿಸಿದ ಪ್ರಸಂಗ. ಯೇಸು ಕಾಯಿಲೆಗಿಂತ ಮೊದಲು ಪಾಪಕ್ಷಮೆಯ ಮಾತೆತ್ತಿದ್ದು ಯಾಕಿರಬಹುದು ಅಂತ ಅವರನ್ನೇ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. 'ಅಭಿಷೇಕ', 'ರಕ್ಷಣೆ' ಥರದ ಚರ್ಚಿನೊಳಗಿನ ಪದ ಬೇಡ. ಗೊತ್ತಿಲ್ಲದ್ದಕ್ಕೆ "ನೋಡಿ ಹೇಳ್ತೀನಿ" ಅನ್ನಿ, ಮರೆಯದೆ ಹೇಳಿ.

ಅವರು ನಿಮ್ಮ ಕೈಕೆಳಗೆ ಕೆಲಸ ಮಾಡುವವರಾದರೆ ನೀವಾಗಿ ವಿಷಯ ಎತ್ತಲೇಬೇಡಿ; ಬೇಡ ಅನ್ನುವುದು ಅವರಿಗೆ ಕಷ್ಟ.